ಮುಂದಿನ ಸೀಟಿನವನ ಕಿವಿ

ಕಾನೂನು ಕಾಲೇಜಿಗೆ ಬಂದಿದ್ದೀರಿ, ಸಂತೋಷ. ಮೊದಲ ವಾರದಲ್ಲೇ ನಿಮ್ಮಲ್ಲಿ ಕೆಲವರು ಕರಿಕೋಟು ಹೊಲಿಸಿ ಫೋಟೊ ಹಾಕಿಯೂ ಆಗಿದೆ. ಚೆನ್ನಾಗಿಯೇ ಕಾಣುತ್ತೀರಿ. ಆದರೆ ಫೋಟೊದ ಕೆಳಗೆ 'ಅಡ್ವೊಕೇಟ್' ಎಂದು ಬರೆಯಬೇಡಿ. ಪದವಿ ಮುಗಿಸಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವ ತನಕ ಅದು ನಿಮ್ಮದಲ್ಲ.

ಹಾಜರಿಯ ಲೆಕ್ಕ ಆಫೀಸಿನಲ್ಲಿ ಹೇಳಿರುತ್ತಾರೆ. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಪ್ರತಿ ವಿಷಯಕ್ಕೂ ಶೇ. 70 ಬೇಕು. ನನಗೆ ಆ ಸಂಖ್ಯೆಗಿಂತ, ಬಾರದ ಗೆಳೆಯನ ಪರವಾಗಿ ಹಿಂದಿನ ಬೆಂಚಿನಿಂದ ಬರುವ 'ಯೆಸ್ ಸರ್' ಬಗ್ಗೆ ಚಿಂತೆ. ಕೋರ್ಟಿಗೆ ಹೋದ ಮೇಲೆ ಕಕ್ಷಿದಾರ ಊರಲ್ಲಿದ್ದಾಗಲೇ ಅವನ ಅಫಿಡವಿಟ್ ಮೇಲೆ 'ಇವರನ್ನು ನಾನು ಗುರುತಿಸುತ್ತೇನೆ' ಎಂದು ಸಹಿ ಹಾಕಿಕೊಡುವವರನ್ನು ನೋಡಿದ್ದೇನೆ. ಅಭ್ಯಾಸ ಶುರುವಾದದ್ದು ಬೆಂಚಿನಲ್ಲೇ ಇರಬೇಕು.

ಅಸೈನ್‌ಮೆಂಟ್ ಮಾಡುವಾಗಿನ ಅಭ್ಯಾಸವೂ ಹಾಗೆಯೇ ಕೋರ್ಟಿನ ತನಕ ಬರುತ್ತದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ನಂಬಿ ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ಯಾವ ತೀರ್ಪನ್ನೇ ಉದ್ಧರಿಸಿ, ಪುಸ್ತಕವನ್ನು ಕೈಯಲ್ಲಿ ಹಿಡಿದು ಆ ಪುಟವನ್ನು ನೀವೇ ಓದಿರಬೇಕು.

ಇಂಟರ್ನ್‌ಶಿಪ್ ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20. ಕೋರ್ಟ್ ಹಾಲಿನಲ್ಲಿ ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಿ, ಫೋನ್ ಆಫ್ ಮಾಡಿ, ಬೆಂಚ್ ಕ್ಲರ್ಕ್ ಜೊತೆ ವಿನಯವಾಗಿ ಮಾತಾಡಿ. ಇವೆಲ್ಲ ನೋಡಿ ಕಲಿಯುವಂಥವು. ವಕೀಲರ ಆಫೀಸಿನಲ್ಲಿ ಕೇಸಿನ ಕಟ್ಟು ಬಿಚ್ಚಿ ಓದಿದ್ದು ಮಾತ್ರ ಅಲ್ಲೇ ಉಳಿಯಬೇಕು.

ಇದನ್ನು ನಾನು ಕಲಿತದ್ದು ಬಸ್ಸಿನಲ್ಲಿ. ಜೂನಿಯರ್ ಆಗಿ ಎರಡನೇ ವರ್ಷ. ವಕೀಲನಿಗೆ ಕಕ್ಷಿದಾರ ಹೇಳಿದ್ದು ಗುಟ್ಟು ಎನ್ನುವ ಸಾಕ್ಷ್ಯ ಕಾಯ್ದೆಯ 126ನೇ ಕಲಂ ನನಗೆ ಬಾಯಿಪಾಠ. ಈಗ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 132. ಆ ಸಂಜೆ ಗೆಳೆಯನ ಪಕ್ಕ ಕೂತು ನಮ್ಮ ಒಂದು ವಿಭಾಗದ ದಾವೆಯ ಬಗ್ಗೆ ಹೇಳುತ್ತಿದ್ದೆ: 'ನಮ್ಮ ಯಜಮಾನ್ರು ಮೂರು ಎಕರೆ ಕೇಳ್ತಿದ್ದಾರೆ, ಆದರೆ ಒಂದೂವರೆ ಕೊಟ್ಟರೂ ರಾಜಿಗೆ ಒಪ್ತಾರೆ.' ಮುಂದಿನ ಸೀಟಿನಲ್ಲಿ ಟವೆಲ್ ಹೊದ್ದು ತೂಕಡಿಸುತ್ತಿದ್ದವನು ಪ್ರತಿವಾದಿಯ ಭಾವಮೈದುನ. ತೂಕಡಿಸುತ್ತಿರಲಿಲ್ಲ ಎನ್ನುವುದು ಮುಂದಿನ ವಾಯಿದೆಗೆ ಗೊತ್ತಾಯಿತು. ಪ್ರತಿವಾದಿ ಕಡೆಯವರು ಒಂದೂವರೆ ಎಕರೆಯ ಮೇಲೆ ಒಂದು ಗುಂಟೆಯನ್ನೂ ಏರಿಸಲಿಲ್ಲ.

ನಮ್ಮ ಕಕ್ಷಿದಾರರು ಮರುದಿನ ಬೆಳಿಗ್ಗೆಯೇ ಆಫೀಸಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ನಿಂತುಕೊಂಡೇ ಹೇಳಿದರು: 'ಸ್ವಾಮಿ, ಆ ಮಾತು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ.' ಸೀನಿಯರ್ ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ. ಸೀನಿಯರ್ ಒಂದು ಮಾತೂ ಆಡದೆ ಬೇರೆ ವಕೀಲರ ವಕಾಲತ್ತಿಗೆ ಎನ್‌ಒಸಿ ಬರೆದು, ತೆಗೆದುಕೊಂಡಿದ್ದ ಫೀಸನ್ನೂ ಮೇಜಿನ ಮೇಲೆ ಎಣಿಸಿಟ್ಟರು. ಕಟ್ಟನ್ನು ಕೆಂಪು ದಾರದಲ್ಲಿ ಬಿಗಿಯಾಗಿ ಕಟ್ಟಿ ಕಕ್ಷಿದಾರರ ಕೈಗೆ ಕೊಡುವ ಕೆಲಸ ನನ್ನದಾಯಿತು.

ಆಮೇಲೂ ಅವರು ಕೋರ್ಟಿನ ವರಾಂಡದಲ್ಲಿ ಇನ್ನೊಬ್ಬ ವಕೀಲರ ಹಿಂದೆ ನಿಂತಿರುತ್ತಿದ್ದರು. ನಾನು ಎದುರಾದರೆ ಕೈಮುಗಿಯುತ್ತಿದ್ದರು, ಏನೂ ಮಾತಾಡುತ್ತಿರಲಿಲ್ಲ.