ಕೆಸರಿಗೊಂದು, ಡಾಂಬರಿಗೊಂದು: ಟಯರಿನ ಆಯ್ಕೆಯ ವಿಚಾರ

(ಅಂತಿಮ ಬಿ.ಎ. ವಿದ್ಯಾರ್ಥಿ)

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಟಯರಿನ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ಯಂತ್ರವಿದ್ಯೆ ನನ್ನ ವಿಷಯವಲ್ಲ. ಆದರೆ ಮಲೆನಾಡಿನಿಂದ ಬರುವ ನಮ್ಮಲ್ಲಿ ಹಲವರ ಮನೆಗಳು ಡಾಂಬರು ರಸ್ತೆಯಿಂದ ಮೂರು ನಾಲ್ಕು ಕಿಲೋಮೀಟರು ಒಳಗೆ, ತೋಟದ ಅಂಚಿನಲ್ಲೋ ಗದ್ದೆಯ ಬದಿಯಲ್ಲೋ ಇವೆ. ಮಳೆಗಾಲದಲ್ಲಿ ಆ ಮನೆಗಳನ್ನು ಹೊರಜಗತ್ತಿಗೆ ಸೇರಿಸುವುದು ಜೀಪು. ಆ ಜೀಪನ್ನು ನೆಲಕ್ಕೆ ಸೇರಿಸುವುದು ಒಂದೊಂದು ಚಕ್ರದಡಿಯ ಅಂಗೈಯಷ್ಟಗಲದ ರಬ್ಬರು. ಆ ರಬ್ಬರಿನ ಗುಣ ತಿಳಿಯದೆ ಹಣ ಕೊಟ್ಟು ತೊಂದರೆ ತಂದುಕೊಂಡವರಲ್ಲಿ ನಮ್ಮ ಮನೆಯವರೂ ಸೇರಿರುವುದರಿಂದ, ಕಲಿತ ಪಾಠವನ್ನು ಸಹಪಾಠಿಗಳ ಮುಂದಿಡುತ್ತೇನೆ.

ನಮ್ಮ ಸೋದರಮಾವನವರ ಮನೆಯಿಂದ ಡಾಂಬರು ರಸ್ತೆಗೆ 4 ಕಿಲೋಮೀಟರು ಮಣ್ಣಿನ ದಾರಿ. ಅಲ್ಲಿಂದ ಆಸ್ಪತ್ರೆಗೆ 28 ಕಿಲೋಮೀಟರು ಡಾಂಬರು. ವರ್ಷವರ್ಷವೂ ಜೀಪು ಏರಿನಲ್ಲಿ ಹೂತು ನಿಲ್ಲುವುದನ್ನು ಕಂಡು ಬೇಸತ್ತ ಮಾವ, ಒಂದು ಮಳೆಗಾಲಕ್ಕೆ ಮುಂಚೆ ದೊಡ್ಡ ದೊಡ್ಡ ಹಲ್ಲುಗಳ ಕೆಸರು ಟಯರುಗಳನ್ನು ಹಾಕಿಸಿದರು. ನೋಡುವುದಕ್ಕೆ ಜೀಪು ಮದ್ದಾನೆಯಂತಾಯಿತು. ಆಷಾಢದ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟಿದಂತಾಗಿ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕೆಸರಿನ ಏರನ್ನು ಜೀಪು ಸಲೀಸಾಗಿ ಹತ್ತಿತು. ಡಾಂಬರು ಸಿಕ್ಕಿದ ಮೇಲೆ ಆತುರದಿಂದ ವೇಗ ಹೆಚ್ಚಿತು. ಒಂದು ತಿರುವಿನಲ್ಲಿ ದನವೊಂದು ಅಡ್ಡ ಬಂತು. ಮಾವ ಬ್ರೇಕು ಒತ್ತಿದರು. ಚಕ್ರಗಳು ನಿಂತವು, ಜೀಪು ನಿಲ್ಲಲಿಲ್ಲ. ಜಾರುತ್ತ ಹೋಗಿ ಎಡಗಡೆಯ ಧರೆಗೆ ಮೈ ಉಜ್ಜಿಕೊಂಡು ನಿಂತಿತು. ಬಲಗಡೆಗೆ ಜಾರಿದ್ದರೆ ಕಣಿವೆ. ಅಜ್ಜಿ ಹೇಗೋ ಆಸ್ಪತ್ರೆ ಸೇರಿದರು. ಗುಣವಾಗಿ ಮನೆಗೂ ಬಂದರು. ಆದರೆ ಕೆಸರನ್ನು ಗೆದ್ದ ಟಯರು ಡಾಂಬರಿನಲ್ಲಿ ಸೋತದ್ದೇಕೆ ಎಂಬ ಪ್ರಶ್ನೆ ನನ್ನಲ್ಲಿ ಉಳಿಯಿತು.

ಉತ್ತರವಿರುವುದು ಟಯರಿನ ಮೈಮೇಲಿನ ಕೆತ್ತನೆಯಲ್ಲಿ. ಕೆಸರಿನಲ್ಲಿ ಟಯರು ಅಗೆಯುವ ಕೆಲಸ ಮಾಡುತ್ತದೆ. ಹಲ್ಲುಗಳು ಮೆತ್ತನೆಯ ಮಣ್ಣಿಗೆ ಇಳಿದು, ಅದನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದಕ್ಕೆ ಒಯ್ಯಬೇಕು. ಹಲ್ಲುಗಳ ನಡುವಿನ ಸಂದು ಕಿರಿದಾದರೆ ಅಲ್ಲಿ ಮಣ್ಣು ತುಂಬಿ ಟಯರು ಬೋಳಾದಂತೆಯೇ ಆಗುತ್ತದೆ. ಸಂದು ಅಗಲವಾಗಿದ್ದರೆ ಚಕ್ರ ತಿರುಗುವಾಗ ಮಣ್ಣು ತಾನೇ ಸಿಡಿದು ಬೀಳುತ್ತದೆ. ಡಾಂಬರಿನ ಮೇಲಾದರೋ ಅಗೆಯುವುದಕ್ಕೆ ಏನೂ ಇಲ್ಲ. ಅಲ್ಲಿ ಹಿಡಿತ ಬರುವುದು ರಬ್ಬರು ನೆಲಕ್ಕೆ ಒತ್ತಿ ಅಂಟುವುದರಿಂದ. ಅಗಲವಾದ ಸಂದುಗಳಿದ್ದಷ್ಟೂ ನೆಲ ಮುಟ್ಟುವ ರಬ್ಬರು ಕಡಿಮೆ. ಎತ್ತರದ ಹಲ್ಲುಗಳು ಬ್ರೇಕು ಹಿಡಿದಾಗಲೂ ತಿರುವಿನಲ್ಲೂ ಬಾಗುತ್ತವೆ. ಒದ್ದೆ ರಸ್ತೆಯಲ್ಲಿ ತೆಳುವಾದ ನೀರಿನ ಪದರವನ್ನು ಕತ್ತರಿಸಲು ಸಣ್ಣ ಸಣ್ಣ ಕಚ್ಚುಗಳ ಅಂಚುಗಳು ಬೇಕು. ಕೆಸರು ಟಯರಿನಲ್ಲಿ ಅವು ವಿರಳ. ಸದ್ದು ಹೆಚ್ಚು, ಸವೆತ ಬೇಗ, ಎಣ್ಣೆಯ ಖರ್ಚೂ ಹೆಚ್ಚು ಎಂಬ ದೋಷಗಳು ಇದರ ಜೊತೆಗೆ ಬರುತ್ತವೆ.

ಅಂಗಡಿಯಲ್ಲಿ ಸಿಗುವ ಟಯರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಎಚ್.ಟಿ., ಎಂದರೆ ಹೈವೇ ಟೆರೈನ್, ಡಾಂಬರಿಗಾಗಿ ಮಾಡಿದ್ದು. ಎಂ.ಟಿ., ಎಂದರೆ ಮಡ್ ಟೆರೈನ್, ಕೆಸರಿಗಾಗಿ ಮಾಡಿದ್ದು. ಇವೆರಡರ ನಡುವೆ ಎ.ಟಿ., ಎಂದರೆ ಆಲ್ ಟೆರೈನ್. ಇದರ ಹಲ್ಲು ಮಧ್ಯಮ ಗಾತ್ರದ್ದು, ಸಂದು ಮಿತವಾದದ್ದು, ಹಲ್ಲಿನ ಮೇಲೆ ಸಣ್ಣ ಕಚ್ಚುಗಳೂ ಉಂಟು. ಹೆಸರು ಕೇಳಿ ಇದು ಎಲ್ಲ ನೆಲದಲ್ಲೂ ಶ್ರೇಷ್ಠವೆಂದು ತಿಳಿಯಬಾರದು. ಎರಡು ಕಡೆಯೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಮಾಡಿಕೊಂಡ ರಾಜಿ ಅದು.

ಇನ್ನು ಅಳತೆಯ ವಿಚಾರ. ಟಯರಿನ ಪಕ್ಕೆಯ ಮೇಲೆ 215/75 ಆರ್ 15, 100 ಎಸ್ ಎಂದು ಬರೆದಿದೆಯೆನ್ನಿ. 215 ಎಂಬುದು ಮಿಲಿಮೀಟರಿನಲ್ಲಿ ಟಯರಿನ ಅಗಲ. 75 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ 75 ಪಾಲು. ಆರ್ ಎಂದರೆ ರೇಡಿಯಲ್. 15 ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 100 ಎಂಬ ಸಂಕೇತಕ್ಕೆ ಒಂದು ಟಯರು 800 ಕಿಲೋಗ್ರಾಂ ಹೊರಬಲ್ಲದೆಂದೂ, ಎಸ್ ಎಂಬುದಕ್ಕೆ ಗಂಟೆಗೆ 180 ಕಿಲೋಮೀಟರು ವೇಗದವರೆಗೆ ತಡೆಯುವುದೆಂದೂ ಅರ್ಥ. ಈ ಟಯರಿನ ಒಟ್ಟು ವ್ಯಾಸ ಲೆಕ್ಕ ಹಾಕಿದರೆ 703.5 ಮಿಲಿಮೀಟರು. ಅದನ್ನು ತೆಗೆದು ಅದೇ ರಿಮ್ಮಿಗೆ 235/75 ಆರ್ 15 ಹಾಕಿದರೆ ವ್ಯಾಸ 733.5 ಆಗುತ್ತದೆ. ಗಾಡಿ ನೆಲದಿಂದ ಏರುವುದು 15 ಮಿಲಿಮೀಟರು ಮಾತ್ರ. ಆದರೆ ಚಕ್ರದ ಒಂದೊಂದು ಸುತ್ತಿಗೂ ಗಾಡಿ ನೂರಕ್ಕೆ ನಾಲ್ಕು ಪಾಲಿಗಿಂತ ಹೆಚ್ಚು ದೂರ ಹೋಗುವುದರಿಂದ, ಮೊದಲು ಸರಿಯಾಗಿದ್ದ ಮೀಟರು 60 ತೋರಿಸುವಾಗ ನಿಜವಾದ ವೇಗ 62.5ನ್ನು ದಾಟಿರುತ್ತದೆ. ಎಂಜಿನ್ನಿಗೂ ಬ್ರೇಕಿಗೂ ಶ್ರಮ ಹೆಚ್ಚುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟಯರು ಮಡ್‌ಗಾರ್ಡಿಗೆ ಉಜ್ಜಲೂಬಹುದು. ಆದ್ದರಿಂದ ಗಾಡಿ ತಯಾರಿಸಿದವರು ಹೇಳಿದ ಅಳತೆಯನ್ನು ಶೋಭೆಗಾಗಿ ಬಿಡಬಾರದು. ಫೋರ್ ವೀಲ್ ಗಾಡಿಯಲ್ಲಂತೂ ನಾಲ್ಕು ಟಯರುಗಳೂ ಒಂದೇ ಅಳತೆ, ಒಂದೇ ಬಗೆ, ಸರಿಸುಮಾರು ಒಂದೇ ಸವೆತದವಾಗಿರಬೇಕು. ಇಲ್ಲವಾದರೆ ಹಲ್ಲುಚಕ್ರಗಳ ಮೇಲೆ ವೃಥಾ ಜಗ್ಗಾಟ ಬೀಳುತ್ತದೆ.

ಈ ಪಾಠವನ್ನೆಲ್ಲ ಕಲಿತು ನಾನು ಜಂಬದಿಂದ ಮಾವನವರಿಗೆ ಹೇಳಿದೆ: "ಮಾವ, 32 ಕಿಲೋಮೀಟರಿನಲ್ಲಿ 28 ಡಾಂಬರು. ಎಂಟರಲ್ಲಿ ಏಳು ಪಾಲು. ನೀವು ಡಾಂಬರಿನ ಟಯರು ಹಾಕಿಸುವುದೇ ನ್ಯಾಯ." ಅವರು ನಕ್ಕು, "ಆ ನಾಲ್ಕು ದಾಟದಿದ್ದರೆ ನಿನ್ನ ಇಪ್ಪತ್ತೆಂಟು ಎಲ್ಲಿಂದ ಶುರುವಾಗುತ್ತದೋ ಮಾರಾಯ?" ಎಂದರು. ನನ್ನ ಬಾಯಿ ಕಟ್ಟಿತು. ಬಹುಮತದಿಂದ ತೀರ್ಮಾನವಾಗುವ ವಿಷಯ ಇದಲ್ಲವೆಂದು ಆಗ ತಿಳಿಯಿತು.

ಹಾಗಾದರೆ ಯಾವುದರಿಂದ ತೀರ್ಮಾನಿಸಬೇಕು? ದೂರಕ್ಕಿಂತ ಅಪಾಯವನ್ನು ಅಳೆಯಬೇಕೆಂದು ನನಗೆ ತೋರುತ್ತದೆ. ಕೆಸರಿನಲ್ಲಿ ಸೋತ ಟಯರು ನಮ್ಮನ್ನು ನಿಲ್ಲಿಸುತ್ತದೆ. ಡಾಂಬರಿನಲ್ಲಿ ಸೋತ ಟಯರು ನಿಲ್ಲಗೊಡುವುದಿಲ್ಲ. ಮಣ್ಣಿನ ದಾರಿಯಲ್ಲಿ ವೇಗ 20 ಕಿಲೋಮೀಟರು ಮೀರದು. ಡಾಂಬರಿನಲ್ಲಿ ಅದು 60 ಆದರೆ ವೇಗ ಮೂರು ಪಟ್ಟು, ಗಾಡಿಯ ಚಲನಶಕ್ತಿ ಒಂಬತ್ತು ಪಟ್ಟು. ಅದನ್ನೆಲ್ಲ ಬ್ರೇಕು ಮತ್ತು ಟಯರು ಅರಗಿಸಬೇಕು. ಕೆಸರಿನ ಕೊರತೆಯನ್ನು ತುಂಬಿಕೊಳ್ಳಲು ಬೇರೆ ಉಪಾಯಗಳಿವೆ. ಡಾಂಬರಿನ ಕೊರತೆಗೆ, ನಿಧಾನವಾಗಿ ಹೋಗುವುದೊಂದನ್ನು ಬಿಟ್ಟರೆ, ಬೇರೆ ಉಪಾಯವಿಲ್ಲ.

ಆ ಉಪಾಯಗಳಲ್ಲಿ ಮೊದಲನೆಯದು ಗಾಳಿ. ಒಂದು ಚಕ್ರದ ಮೇಲೆ 400 ಕಿಲೋ ಭಾರವಿದ್ದು, ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋ ಆದರೆ, ನೆಲ ಮುಟ್ಟುವ ಭಾಗ ಸುಮಾರು 200 ಚದರ ಸೆಂಟಿಮೀಟರು. ಒತ್ತಡವನ್ನು 1.2ಕ್ಕೆ ಇಳಿಸಿದರೆ ಅದು ಸುಮಾರು 330 ಆಗಿ, ಟಯರು ಹೂಳದೆ ತೇಲಿದಂತೆ ಸಾಗುತ್ತದೆ. ಆದರೆ ಡಾಂಬರು ಹತ್ತುವ ಮುನ್ನ ಮತ್ತೆ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯ ಟಯರು ವೇಗದಲ್ಲಿ ಕಾದು ಒಡೆಯಬಹುದು. ಕೈಪಂಪು ಮತ್ತು ಒತ್ತಡ ನೋಡುವ ಗೇಜು ಜೀಪಿನಲ್ಲಿರುವುದು ಅವಶ್ಯ. ಎರಡನೆಯದು ನಮ್ಮ ಹಿರಿಯರಿಂದ ಬಂದ ರೂಢಿ, ಚಕ್ರಕ್ಕೆ ಚೈನು ಕಟ್ಟುವುದು. ಇದನ್ನೂ ಡಾಂಬರಿನ ಅಂಚಿನಲ್ಲಿ ಬಿಚ್ಚಬೇಕು. ಇಲ್ಲದಿದ್ದರೆ ರಸ್ತೆಯೂ ಕೆಡುತ್ತದೆ, ಟಯರೂ ಕೆಡುತ್ತದೆ. ಮೂರನೆಯದು ಎಲ್ಲಕ್ಕಿಂತ ಅಗ್ಗ: ಮಳೆಗಾಲಕ್ಕೆ ಮುಂಚೆ ದಾರಿಯ ಚರಂಡಿ ಬಿಡಿಸಿ, ಏರಿಗೆ ಕಲ್ಲು ಹಾಕುವುದು.

ಕೊಳ್ಳುವಾಗ ಇನ್ನೆರಡನ್ನು ನೋಡಬೇಕು. ಪಕ್ಕೆಯ ಮೇಲಿನ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2324 ಎಂದರೆ 2024ರ 23ನೆಯ ವಾರ. ಸಂದುಗಳ ತಳದಲ್ಲಿ 1.6 ಮಿಲಿಮೀಟರು ಎತ್ತರದ ಸಣ್ಣ ದಿಂಡುಗಳಿರುತ್ತವೆ. ಹಲ್ಲು ಸವೆದು ಅವುಗಳ ಮಟ್ಟಕ್ಕೆ ಬಂದರೆ ಟಯರಿನ ಆಯುಷ್ಯ ಮುಗಿಯಿತು.

ಮಾವ ಈಗ ಗಾಡಿಗೆ ಹೇಳಿದ ಅಳತೆಯಲ್ಲೇ ಎ.ಟಿ. ಟಯರು ಹಾಕಿಸಿದ್ದಾರೆ. ಹಿಂದಿನ ಸೀಟಿನಡಿ ಚೈನು, ಪಂಪು, ಒಂದು ಗುದ್ದಲಿ ಇವೆ. ಕಳೆದ ಮಳೆಗಾಲದಲ್ಲಿ ಜೀಪು ಎರಡು ಸಲ ಹೂತಿತು. ಚೈನು ಕಟ್ಟಿ ಎತ್ತಲು ಅರ್ಧ ಅರ್ಧ ಗಂಟೆ ಹಿಡಿಯಿತು. ಡಾಂಬರಿನಲ್ಲಿ ಮಾತ್ರ ಬ್ರೇಕು ಒತ್ತಿದಲ್ಲೆಲ್ಲ ನಿಂತಿದೆ. ಅಜ್ಜಿ ತಿಂಗಳಿಗೊಮ್ಮೆ ಅದರಲ್ಲೇ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಅರ್ಧ ಗಂಟೆ ತಡವಾದರೂ ಆದೀತು, ಕ್ಷೇಮವಾಗಿ ತಲುಪಬೇಕೆಂಬುದು ಅವರ ಮಾತು. ಟಯರು ಆರಿಸುವವರಿಗೆ ಅದಕ್ಕಿಂತ ಉತ್ತಮವಾದ ಸೂತ್ರ ನನಗೆ ಇನ್ನೂ ದೊರೆತಿಲ್ಲ.