ಸುತ್ತುವ ಪಟ್ಟಿ: ಮಾಡಬೇಕಾದ್ದು, ಮಾಡಬಾರದ್ದು

ಪುಣೆ ಬಳಿಯ ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಶೆಡ್ಡುಗಳಿಗೆ ಪಾಳಿ, ಹಾಜರಿ, ಮಷೀನು ಲೆಕ್ಕದ ಆ್ಯಪ್ ಬರೆಯುತ್ತಿರುವ ನಮ್ಮ ಹುಡುಗ ಹುಡುಗಿಯರ ಗಮನಕ್ಕೆ. ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ ಶುರುವಾಗುವ ಸ್ಕ್ರಾಲನ್ನು ಸಿಕ್ಕಸಿಕ್ಕ ಪರದೆಗೆಲ್ಲ ಹಾಕುವುದು ಜಾಸ್ತಿಯಾಗಿದೆ. ಡೆಮೊದಲ್ಲಿ ಚೆಂದ ಕಾಣುತ್ತದೆ, ಒಪ್ಪಿದೆ. ಇನ್ನು ಮುಂದೆ ಕೆಳಗೆ ಬರೆದಂತೆಯೇ ನಡೆಯತಕ್ಕದ್ದು.

ಯಾವುದನ್ನು ಸುತ್ತಿಸಬೇಕು, ಯಾವುದನ್ನು ಸುತ್ತಿಸಬಾರದು

ನಿಜಜೀವನದಲ್ಲಿ ಸುತ್ತುವುದನ್ನು ಮಾತ್ರ ಪರದೆಯ ಮೇಲೂ ಸುತ್ತಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮತ್ತೆ ಬೆಳಿಗ್ಗೆ: ಪಾಳಿ ಸುತ್ತುತ್ತದೆ. ವಾರದ ದಿನಗಳ ಹೆಸರುಗಳು ಸುತ್ತುತ್ತವೆ. ಗಡಿಯಾರದ ಗಂಟೆ, ನಿಮಿಷ ಸುತ್ತುತ್ತವೆ. ಆದರೆ ವಾರ ಸೋಮವಾರವೇ ಶುರುವಾಗುತ್ತದೆ ಎಂದು ಕೋಡಿನೊಳಗೆ ಗಟ್ಟಿ ಮಾಡಿ ಇಡಬಾರದು. ಇಲ್ಲಿನ ಬಹಳಷ್ಟು ವರ್ಕ್‌ಶಾಪುಗಳಿಗೆ ಗುರುವಾರ ರಜೆ. ಅಲ್ಲಿ ಕೆಲಸ ಮಾಡುವವರ ವಾರ ಶುಕ್ರವಾರ ಶುರು.

ದಿನದ ಹೆಸರು ಸುತ್ತುತ್ತದೆ, ತಾರೀಖು ಸುತ್ತುವುದಿಲ್ಲ. ಪಾಳಿ ಬದಲಿ ಕೇಳುವ ಪರದೆಯಲ್ಲಿ ಬರೀ ‘ಬುಧವಾರ’ ಎಂದು ತೋರಿಸಿ ಚಕ್ರ ಬಿಟ್ಟರೆ, ಎರಡು ಸುತ್ತು ತಿರುಗಿಸಿ ನಿಲ್ಲಿಸಿದವನು ಆರಿಸಿದ್ದು ಯಾವ ವಾರದ ಬುಧವಾರ? ತಾರೀಖು ಬೇಕಾದಲ್ಲಿ ಕ್ಯಾಲೆಂಡರ್ ಕೊಡಿ, ಚಕ್ರ ಕೊಡಬೇಡಿ.

ಹಾಜರಿ, ಓವರ್‌ಟೈಮ್, ಪಗಾರದ ಚೀಟಿ, ಮಾಲು ಹೊರಟ ಚಲನ್ ಇವನ್ನು ಯಾವ ಕಾರಣಕ್ಕೂ ಸುತ್ತಿಸಬಾರದು. ರಾತ್ರಿ ಪಾಳಿ ಮುಗಿಸಿ ಟೆಲ್ಕೊ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತ ಕಲಬುರಗಿ ಕಡೆಯ ಫಿಟ್ಟರ್ ಒಬ್ಬ ತನ್ನ ಓವರ್‌ಟೈಮ್ ಎಣಿಸುತ್ತಿದ್ದಾನೆ ಎಂದುಕೊಳ್ಳಿ. 12ನೇ ತಾರೀಖಿನ 4 ಗಂಟೆ ಬಂತು. ಬೆರಳು ಸರಿಸುತ್ತ ಹೋದ. ಅದೇ 12ನೇ ತಾರೀಖು ಮತ್ತೆ ಬಂತು. ನಿದ್ದೆಗಣ್ಣಿನಲ್ಲಿ 8 ಎಂದು ಲೆಕ್ಕ ಹಿಡಿದ. ಪಗಾರದ ದಿನ ಸೂಪರ್‌ವೈಸರ್ ಜೊತೆ ಜಗಳವಾದರೆ ತಪ್ಪು ಅವನದಲ್ಲ, ನಮ್ಮದು. ಹಳೆಯ ತಿಂಗಳು ಹುಡುಕುವವನಂತೂ ಗಾಣದೆತ್ತಿನ ಹಾಗೆ ಅಲ್ಲಲ್ಲೇ ತಿರುಗುತ್ತಾನೆ. ದುಡ್ಡಿನ ಪಟ್ಟಿಗೆ ಒಂದು ಕೊನೆ ಇರಲೇಬೇಕು, ಕೊನೆಯಲ್ಲಿ ‘ಒಟ್ಟು’ ಎಂಬ ಸಾಲು ಇರಲೇಬೇಕು.

ಕೆಳಗಿಳಿದಂತೆ ಹೊಸದು ಬಂದು ಸೇರುತ್ತಲೇ ಇರುವ ಸ್ಕ್ರಾಲು ಬೇರೆ ಜಾತಿ. 2006ರಲ್ಲಿ ಅದನ್ನು ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದಕ್ಕೆ ವಿಷಾದ ಪಟ್ಟಿದ್ದಾರೆ. ನಮ್ಮ ಆ್ಯಪಿಗೆ ಅದು ಬೇಡ. ಆ ಚರ್ಚೆ ಮತ್ತೆ ತೆಗೆಯಬೇಡಿ.

ಲೆಕ್ಕ ತಪ್ಪಬಾರದು

ಆಂಡ್ರಾಯ್ಡಿನಲ್ಲಿ ಎಲ್ಲರ ಕೈಗೆ ಮೊದಲು ಸಿಗುವ ಉಪಾಯ ಒಂದಿದೆ: ಪಟ್ಟಿಯಲ್ಲಿ 2147483647 ಸಾಲುಗಳಿವೆ ಎಂದು ರಿಸೈಕ್ಲರ್‌ವ್ಯೂಗೆ ಸುಳ್ಳು ಹೇಳಿ, ನಟ್ಟನಡುವೆ, ಅಂದರೆ 1073741823ರಲ್ಲಿ ನಿಲ್ಲಿಸಿ, ನಿಜವಾದ ಸಂಖ್ಯೆಯಿಂದ ಭಾಗಿಸಿ ಶೇಷ ಹಿಡಿಯುವುದು. ಮಾಡಬಹುದು, ಆದರೆ ನಡುವನ್ನು ಹಾಗೇ ಬಳಸಬಾರದು. ಆ ಸಂಖ್ಯೆ 7ರಿಂದಲೂ 3ರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಆದ್ದರಿಂದ ವಾರದ ಚಕ್ರದಲ್ಲಿ ಪರೀಕ್ಷಿಸಿದರೆ ಸರಿ, ಪಾಳಿಯ ಚಕ್ರದಲ್ಲಿ ಪರೀಕ್ಷಿಸಿದರೂ ಸರಿ. ಐದು ಮಷೀನಿನ ಶೆಡ್ಡಿಗೆ ಹೋದ ದಿನ ಶೇಷ 3 ಬರುತ್ತದೆ, ಪರದೆ ತೆರೆದಾಗ ನಾಲ್ಕನೇ ಮಷೀನು ಕಾಣುತ್ತದೆ. ಆಪರೇಟರು ಅದನ್ನೇ ತನ್ನ ಮಷೀನೆಂದು ಒತ್ತುತ್ತಾನೆ. ನಡುವಿನಿಂದ ಶೇಷವನ್ನು ಕಳೆದು ಆಮೇಲೆ ಶುರು ಮಾಡಿ. ಪಟ್ಟಿಗೆ ಹೊಸ ಮಷೀನು ಸೇರಿದರೆ ಈ ಲೆಕ್ಕ ಮತ್ತೆ ಆಗಬೇಕು.

ಫೋನಿನಲ್ಲಿ ಉಳಿಸಿಡುವಾಗ ಮಷೀನಿನ ಗುರುತು ಸಂಖ್ಯೆಯನ್ನು ಉಳಿಸಿ. ಸುಳ್ಳು ಪಟ್ಟಿಯ ಸ್ಥಾನ ಸಂಖ್ಯೆಯನ್ನು ಎಲ್ಲಿಯೂ ಬರೆದಿಡಬಾರದು, ಸರ್ವರಿಗೆ ಕಳಿಸುವುದಂತೂ ದೂರದ ಮಾತು.

ಹಿಂದಕ್ಕೆ ಹೋದಾಗ ಋಣ ಸಂಖ್ಯೆ ಬರುತ್ತದೆ. ಕಾಟ್ಲಿನ್, ಜಾವಾ, ಸ್ವಿಫ್ಟ್ ಮೂರರಲ್ಲೂ -1 % 5 ಅಂದರೆ -1, ಡಾರ್ಟಿನಲ್ಲಿ 4. ಫ್ಲಟರಿನಿಂದ ಎತ್ತಿ ತಂದ ಸಾಲು ಕಾಟ್ಲಿನ್‌ನಲ್ಲಿ ಬೀಳುವುದು ಇಲ್ಲೇ. ಕಾಟ್ಲಿನ್ 1.5ರಿಂದ ಇರುವ ‘ಮಾಡ್’, ಜಾವಾ 8ರಿಂದ ಇರುವ ‘ಫ್ಲೋರ್‌ಮಾಡ್’ ಬಳಸಿ. ಪಟ್ಟಿ ಖಾಲಿ ಇದ್ದರೆ ಸೊನ್ನೆಯಿಂದ ಭಾಗಿಸಿ ಆ್ಯಪ್ ಕುಸಿಯುತ್ತದೆ. ಅದನ್ನು ಮೊದಲೇ ತಡೆಯಿರಿ.

ಒಂದೇ ಸಾಲಿದ್ದರೆ ಸುತ್ತು ಬೇಡ. ಪರದೆಯಲ್ಲಿ ಒಟ್ಟಿಗೆ ಹಿಡಿಸುವಷ್ಟೇ ಇದ್ದರೂ ಬೇಡ. ಆಂಡ್ರಾಯ್ಡಿನ ನಂಬರ್‌ಪಿಕರ್ ಕೂಡ ಚಕ್ರದಲ್ಲಿ ಕಾಣುವುದಕ್ಕಿಂತ ಕಡಿಮೆ ಸಂಖ್ಯೆಗಳಿದ್ದರೆ ಸುತ್ತಲು ಒಪ್ಪುವುದಿಲ್ಲ. ಆ ವಿವೇಕ ನಮ್ಮ ಕೋಡಿಗೂ ಇರಲಿ.

ನೆಗೆತ ಕಣ್ಣಿಗೆ ಬೀಳಬಾರದು

ವ್ಯೂಪೇಜರ್2ರಲ್ಲಿ ಕೊನೆಯ ಕಾರ್ಡಿನ ನಕಲನ್ನು ಮುಂದೆ, ಮೊದಲ ಕಾರ್ಡಿನ ನಕಲನ್ನು ಹಿಂದೆ ಇಟ್ಟು, ನಕಲಿಗೆ ಬಂದಾಗ ಅಸಲಿಗೆ ಸದ್ದಿಲ್ಲದೆ ನೆಗೆಯುವ ವಿಧಾನಕ್ಕೆ ಅನುಮತಿ ಇದೆ. ಆದರೆ ಪುಟ ‘ಆಯ್ಕೆಯಾಯಿತು’ ಎಂಬ ಕರೆ ಬಂದೊಡನೆ ನೆಗೆಯಬಾರದು. ಆ ಹೊತ್ತಿಗೆ ಕಾರ್ಡು ಇನ್ನೂ ಅರ್ಧ ದಾರಿಯಲ್ಲಿರುತ್ತದೆ, ಪರದೆ ಗಕ್ಕನೆ ಜಿಗಿದಂತಾಗುತ್ತದೆ. ಸ್ಕ್ರಾಲು ಪೂರ್ತಿ ನಿಂತ ಮೇಲೆ, ಅನಿಮೇಷನ್ ಇಲ್ಲದೆ ನೆಗೆಯಿರಿ. ಇದರ ದೋಷವೂ ಗೊತ್ತಿರಲಿ: ಕೂಲಂಟ್ ಮೆತ್ತಿದ ಬೆರಳಲ್ಲಿ ಪಟಪಟನೆ ಸರಿಸುವವರಿಗೆ ಸ್ಕ್ರಾಲು ನಿಲ್ಲುವ ಪುರಸೊತ್ತೇ ಸಿಗದೆ ಕೊನೆಯಲ್ಲಿ ಗೋಡೆಗೆ ಬಡಿದಂತಾಗುತ್ತದೆ. ಕಾರ್ಡುಗಳು ಸಣ್ಣವಾಗಿ, ಜೋರಾಗಿ ಓಡುವಂಥವಾದರೆ ಸುಳ್ಳು ಸಂಖ್ಯೆಯ ಮೊದಲ ಉಪಾಯವೇ ಮೇಲು.

ಐಫೋನಿಗೆ ಆಪಲ್ ತಾನೇ 2011ರ ಡೆವಲಪರ್ ಸಮ್ಮೇಳನದಲ್ಲಿ ದಾರಿ ತೋರಿಸಿದೆ. ‘ಸ್ಟ್ರೀಟ್‌ಸ್ಕ್ರಾಲರ್’ ಎಂಬ ಮಾದರಿ ಕೋಡಿನಲ್ಲಿ, ಸ್ಕ್ರಾಲು ನಡುವಿನಿಂದ ಒಟ್ಟು ಅಗಲದ ಕಾಲು ಭಾಗಕ್ಕಿಂತ ಆಚೆ ಹೋದರೆ ಮತ್ತೆ ನಡುವಿಗೆ ತಂದು, ಒಳಗಿನ ವಸ್ತುಗಳನ್ನೂ ಅಷ್ಟೇ ಸರಿಸುತ್ತಾರೆ. ಎರಡೂ ಒಂದೇ ಗಳಿಗೆಯಲ್ಲಿ ಆಗುವುದರಿಂದ ನೋಡುವವನಿಗೆ ತಿಳಿಯುವುದಿಲ್ಲ. ಒಂದನ್ನು ಸರಿಸಿ ಇನ್ನೊಂದನ್ನು ಮುಂದಿನ ಫ್ರೇಮಿಗೆ ಬಿಡಬಾರದು.

ಕನ್ನಡ ಅಕ್ಷರ, ಕಾಣದ ಕಣ್ಣು

ಚಕ್ರದ ಸಾಲಿನ ಎತ್ತರವನ್ನು ಇಂಗ್ಲಿಷಿನ ‘ನೈಟ್’ ನೋಡಿ ಅಳೆಯಬಾರದು. ‘ಮಧ್ಯಾಹ್ನ’, ‘ರಾತ್ರಿ’ ಹಾಕಿ ಅಳೆಯಿರಿ. ಒತ್ತಕ್ಷರದ ಬುಡ ಕತ್ತರಿಸಿದ ಪರದೆ ಪಾಸಾಗುವುದಿಲ್ಲ. ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು 200%ವರೆಗೆ ಹಿಗ್ಗಿಸಬಹುದು. ಆಗ ಎತ್ತರ ಬದಲಾದರೆ ನಡುವಿಗೆ ತರುವ ಲೆಕ್ಕವೂ ಬದಲಾಗಬೇಕು. ಮರಾಠಿ, ಹಿಂದಿಗೂ ಇದೇ ನಿಯಮ.

ಕಣ್ಣು ಕಾಣದವರಿಗೆ ಓದಿ ಹೇಳುವ ಟಾಕ್‌ಬ್ಯಾಕ್, ನಾವು ಹೇಳಿದ ಪಟ್ಟಿಯ ಉದ್ದವನ್ನೇ ನಂಬುತ್ತದೆ. ಮೂರು ಪಾಳಿಯ ಪಟ್ಟಿಯಲ್ಲಿ ಇನ್ನೂರು ಕೋಟಿ ಚಿಲ್ಲರೆ ಸಾಲುಗಳಿವೆ ಎಂದು ಅದರ ಬಾಯಲ್ಲಿ ಹೇಳಿಸಬಾರದು. ನಿಜವಾದ ಎಣಿಕೆಯನ್ನು ಬೇರೆಯಾಗಿ ಕೊಡಿ, ನಕಲು ಕಾರ್ಡುಗಳನ್ನು ಅದರ ಕಣ್ಣಿಗೆ ಬೀಳದಂತೆ ಮರೆ ಮಾಡಿ.

ತಾನಾಗಿ ಓಡುವ ಬ್ಯಾನರ್ ಯಾರೂ ಕೇಳಿಲ್ಲ. ಗಿರಾಕಿ ಹಟ ಹಿಡಿದರೆ, 5 ಸೆಕೆಂಡಿಗಿಂತ ಹೆಚ್ಚು ಓಡುವುದಕ್ಕೆ ನಿಲ್ಲಿಸುವ ಗುಂಡಿ ಇಡಬೇಕು. ಡಬ್ಲ್ಯುಸಿಎಜಿ ನಿಯಮವೇ ಹಾಗಿದೆ. ಬೆರಳು ತಾಗಿದರೆ ನಿಲ್ಲಬೇಕು, ಆ್ಯಪ್ ಹಿಂದೆ ಸರಿದಾಗ ಟೈಮರ್ ಸಾಯಬೇಕು. ಫೋನಿನಲ್ಲಿ ಚಲನೆ ಕಡಿಮೆ ಮಾಡಿಟ್ಟವರಿಗೆ ಓಡಿಸಲೇಬಾರದು.

ಒಪ್ಪಿಗೆಗೆ ಕಳಿಸುವ ಮುನ್ನ

0, 1, 2, 5, 7 ಸಾಲುಗಳ ಪಟ್ಟಿಯಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ ನೋಡಿ. 5ನ್ನು ಬಿಡಬೇಡಿ, ಕಾರಣ ಮೇಲೆ ಇದೆ. ತಿರುಗುವಾಗಲೇ ಫೋನನ್ನು ಅಡ್ಡ ಮಾಡಿ, ತಿರುಗುವಾಗಲೇ ಒಂದು ಮಷೀನನ್ನು ಪಟ್ಟಿಯಿಂದ ತೆಗೆಯಿರಿ. ಪರೀಕ್ಷೆ ನಿಮ್ಮ ದುಬಾರಿ ಫೋನಿನಲ್ಲಿ ಆಗಬಾರದು. ಆಫೀಸಿನ ಡ್ರಾಯರಿನಲ್ಲಿ ಗಾಜು ಸೀಳಿದ 2 ಜಿಬಿ ರ್ಯಾಮಿನ ಫೋನಿದೆ, ಅದರಲ್ಲೇ ಆಗಬೇಕು. ಐದೂ ಪಟ್ಟಿಗಳ ವೀಡಿಯೊ ಜೊತೆಗಿಲ್ಲದ ಕೋಡನ್ನು ಗುರುವಾರದ ಬಿಡುಗಡೆಗೆ ಸೇರಿಸಲಾಗುವುದಿಲ್ಲ.