ಹೊಸ ಪಾರ್ಟು, ಹಳೇ ಕಾಟ: ಸೈಕಲ್ ಚೈನನ್ನು ಹದಕ್ಕೆ ತರುವ 9 ಸೂತ್ರಗಳು

ಹೊಸ ಚೈನ್‌ವೀಲ್, ಹೊಸ ಫ್ರೀವೀಲ್, ಹೊಸ ಚೈನ್. ದುಡ್ಡು ಸುರಿದು ಎಲ್ಲ ಬದಲಿಸಿದ ಮೇಲೂ ಚೈನ್ ಜೋತಾಡುತ್ತದೆ, ಜಂಪ್ ಹೊಡೆಯುತ್ತದೆ, ಹಂಪ್ ದಾಟುವಾಗ ಕಳಚಿ ಬೀಳುತ್ತದೆ. ಆಗ ಕೈ ಸೀದಾ ಹೋಗುವುದು ಸ್ಪ್ಯಾನರ್‌ಗೆ. ಹಿಂದಿನ ಚಕ್ರ ಎಳೆದು ಬಿಗಿ ಮಾಡಿದರೆ ಮುಗಿಯಿತು ಎಂಬ ನಂಬಿಕೆ. ಆದರೆ ಚೈನ್ ತೊಂದರೆ ಕೊಡಲು ಐದಾರು ಕಾರಣಗಳಿವೆ, ಬಿಗಿ ಮಾಡಿದರೆ ಗುಣವಾಗುವುದು ಅವುಗಳಲ್ಲಿ ಒಂದು ಮಾತ್ರ. ಮೊದಲು ರೋಗ ಪತ್ತೆಹಚ್ಚಿ, ಆಮೇಲೆ ನಟ್ ಮುಟ್ಟಿ.

1. ಜೋಡಿ ಸರಿಯೇ ನೋಡಿ
ಎಲ್ಲ ಸೈಕಲ್ ಚೈನ್‌ಗಳಲ್ಲೂ ಪಿನ್ನಿನಿಂದ ಪಿನ್ನಿಗೆ ಇರುವ ದೂರ ಸಾಮಾನ್ಯವಾಗಿ ಅರ್ಧ ಇಂಚೇ. ಹಾಗಾಗಿ ನೋಡಲು ಎಲ್ಲವೂ ಒಂದೇ. ವ್ಯತ್ಯಾಸ ಇರುವುದು ಅಗಲದಲ್ಲಿ. ಗೇರ್ ಇಲ್ಲದ ಸೈಕಲ್‌ಗೆ ಸಾಮಾನ್ಯವಾಗಿ 1/8 ಇಂಚಿನ ಚೈನ್, ಗೇರ್ ಸೈಕಲ್‌ಗೆ 3/32 ಇಂಚು ಅಥವಾ ಅದಕ್ಕೂ ಕಿರಿದು. ದಪ್ಪ ಹಲ್ಲಿನ ಚೈನ್‌ವೀಲ್ ಮೇಲೆ ಕಿರಿದಾದ ಚೈನ್ ಹಾಕಿದರೆ ಅದು ಹಲ್ಲಿನ ಬುಡಕ್ಕೆ ಇಳಿಯುವುದೇ ಇಲ್ಲ. ಎಷ್ಟು ಬಿಗಿದರೂ ಕೂರದು.

2. ಹಲ್ಲಿನ ಲೆಕ್ಕ ಹಾಕಿ
ಇಲ್ಲಿಂದ 5ರವರೆಗಿನದು ಗೇರ್ ಇಲ್ಲದ ಸೈಕಲ್ ಮಾತು. ಚೈನ್ ಹಳೆಯದೇ ಇದ್ದು ಹಲ್ಲಿನ ಸಂಖ್ಯೆ ಬದಲಾದರೆ ಚಕ್ರದ ಜಾಗವೂ ಬದಲಾಗುತ್ತದೆ. ಒಂದು ಹಲ್ಲು ಹೆಚ್ಚಾದರೆ ಹಿಂದಿನ ಚಕ್ರ ಸುಮಾರು 3 ಮಿ.ಮೀ. ಮುಂದೆ ಬರಬೇಕು. 44 ಹಲ್ಲಿನ ಚೈನ್‌ವೀಲ್ ತೆಗೆದು 48ರದ್ದು ಹಾಕಿದರೆ ಅರ್ಧ ಇಂಚು. ಅಷ್ಟು ಜಾಗ ಇಲ್ಲದಿದ್ದರೆ ಉದ್ದನೆಯ ಚೈನ್ ಬೇಕು. ಹಲ್ಲು ಕಡಿಮೆಯಾಗಿ ಚಕ್ರವನ್ನು ಕೊನೆಯವರೆಗೆ ಎಳೆದರೂ ಚೈನ್ ಜೋತಾಡಿದರೆ, ಒಂದು ಇಂಚು ಕತ್ತರಿಸಿ. ಚಕ್ರ ಅರ್ಧ ಇಂಚು ಮುಂದೆ ಬಂದು ಕೂರುತ್ತದೆ. ಚಕ್ರ ಸರಿದರೆ ಬ್ರೇಕ್ ಶೂ ರಿಮ್ಮಿನ ಬದಲು ಟೈರಿಗೆ ತಾಗಬಹುದು, ಅದನ್ನೂ ಸರಿಪಡಿಸಿ.

3. ಅತಿ ಬಿಗಿಯಾದ ಜಾಗ ಹುಡುಕಿ
ಚೈನ್‌ವೀಲ್ ಪೂರ್ತಿ ದುಂಡಗಿರುವುದು ಅಪರೂಪ. ಸೈಕಲ್ ಸ್ಟ್ಯಾಂಡ್ ಹಾಕಿ ಪೆಡಲನ್ನು ನಿಧಾನವಾಗಿ ತಿರುಗಿಸಿ. ಒಂದು ಕಡೆ ಚೈನ್ ಬಿಗಿಯುತ್ತದೆ, ಇನ್ನೊಂದು ಕಡೆ ಸಡಿಲಾಗುತ್ತದೆ. ಸಡಿಲವಾದ ಕಡೆ ನೋಡಿ ಬಿಗಿದರೆ, ಬಿಗಿಯಾದ ಕಡೆ ಪೆಡಲ್ ಹಿಡಿದುಕೊಳ್ಳುತ್ತದೆ. ಅಳತೆಯನ್ನು ಯಾವಾಗಲೂ ಅತಿ ಬಿಗಿಯಾದ ಜಾಗದಲ್ಲೇ ತೆಗೆದುಕೊಳ್ಳಿ. ಚೈನ್ ಚಲಿಸುವಾಗ ಬೆರಳು ದೂರವಿರಲಿ.

4. ಅರ್ಧ ಇಂಚು ಆಡಲಿ
ಆ ಜಾಗದಲ್ಲಿ ಪೆಡಲ್ ನಿಲ್ಲಿಸಿ, ಚೈನಿನ ನಡುಮಧ್ಯವನ್ನು ಮೇಲೆ ಕೆಳಗೆ ಒತ್ತಿ ನೋಡಿ. ಒಟ್ಟು ಅರ್ಧ ಇಂಚಿನಷ್ಟು ಆಡಿದರೆ ಹದ ಸರಿ. ಆಡದೆ ತಂತಿಯಂತೆ ಬಿಗಿದಿದ್ದರೆ ಪೆಡಲ್ ಭಾರವಾಗುತ್ತದೆ, ಹಬ್ ಮತ್ತು ಬಿ.ಬಿ. (ಬಾಟಮ್ ಬ್ರಾಕೆಟ್) ಬೇರಿಂಗ್‌ಗಳು ಬೇಗ ಹಾಳಾಗುತ್ತವೆ. ಒಂದು ಇಂಚಿಗೂ ಮೀರಿ ಆಡಿದರೆ ಕಳಚಿ ಬೀಳುವ ಸಾಧ್ಯತೆ ಹೆಚ್ಚು.

5. ಚಕ್ರ ನೇರ ಕೂರಲಿ
ಹಿಂದಿನ ಚಕ್ರದ ಎರಡೂ ನಟ್‌ಗಳನ್ನು ಒಂದೇ ಸಲ ಪೂರ್ತಿ ಬಿಚ್ಚಬೇಡಿ. ಒಂದು ಕಡೆ ಸಡಿಲಿಸಿ ಸ್ವಲ್ಪ ಎಳೆದು ಬಿಗಿಯಿರಿ, ಆಮೇಲೆ ಇನ್ನೊಂದು ಕಡೆ. ಹೀಗೆ ಚಕ್ರವನ್ನು ಚೂರುಚೂರೇ ಸರಿಸಿ. ಚೈನ್ ಅಡ್ಜಸ್ಟರ್ ಇದ್ದರೆ ಎರಡೂ ಬದಿ ಸಮನಾಗಿ ತಿರುಗಿಸಿ. ಟೈರು ಫ್ರೇಮಿನ ಎರಡೂ ಕೊಳವೆಗಳಿಂದ ಒಂದೇ ದೂರದಲ್ಲಿರಬೇಕು. ಚಕ್ರ ಓರೆಯಾದರೆ ಚೈನೂ ಓರೆ.

6. ಜಂಪ್ ಬೇರೆ, ಸಡಿಲ ಬೇರೆ
ಏರು ಹತ್ತುವಾಗ ಜಂಪ್ ಹೊಡೆದರೆ ಸವೆತದ ಅನುಮಾನ ಪಡಿ. ಚೈನ್ ಮಾತ್ರ ಬದಲಿಸಿದ್ದರೆ, ಸವೆದ ಫ್ರೀವೀಲಿನ ಹಲ್ಲು ಹಳೇ ಚೈನಿಗೆ ಒಗ್ಗಿಹೋಗಿರುತ್ತದೆ, ಹೊಸದು ಅದರಲ್ಲಿ ಕೂರದೆ ಹಾರುತ್ತದೆ. ಇದಕ್ಕೆ ಬಿಗಿ ಮದ್ದಲ್ಲ, ಫ್ರೀವೀಲ್ ಬದಲಿಸಬೇಕು. ತೆಗೆದ ಚೈನನ್ನು ಎಳೆದು ಹಿಡಿದು ಅಳೆಯಿರಿ: ಹೊಸದರಲ್ಲಿ ಒಂದು ಪಿನ್ನಿನಿಂದ ಅದರ ಮುಂದಿನ 24ನೇ ಪಿನ್ನಿಗೆ ದೂರ ಸರಿಯಾಗಿ 12 ಇಂಚು. 1/16 ಇಂಚು ಹೆಚ್ಚಿದ್ದರೆ ಚೈನ್ ಬದಲಿಸುವ ಕಾಲ. 1/8 ಹೆಚ್ಚಿದ್ದರೆ ಫ್ರೀವೀಲೂ ಸವೆದಿರುವ ಸಾಧ್ಯತೆ ಹೆಚ್ಚು. ಸವೆತವಿಲ್ಲದೆ, ಲಯಬದ್ಧವಾಗಿ ಟಕ್ ಟಕ್ ಎಂದರೆ ಒಂದು ಕೊಂಡಿ ಬಿಗಿದುಕೊಂಡಿರಬಹುದು. ಜೋಡಿಸಿದ ಪಿನ್ನಿನ ಬಳಿ ಮೊದಲು ನೋಡಿ, ಅಕ್ಕಪಕ್ಕಕ್ಕೆ ಮೆಲ್ಲಗೆ ಬಾಗಿಸಿ ಸಡಿಲಿಸಿ.

7. ಗೇರ್ ಸೈಕಲ್‌ಗೆ ಉದ್ದವೇ ಮುಖ್ಯ
ಇಲ್ಲಿ ಚೈನನ್ನು ಎಳೆದು ಹಿಡಿಯುವುದು ಗೇರ್ ಬದಲಿಸುವ ಡಿರೇಲರಿನ ಸ್ಪ್ರಿಂಗ್. ಹೊಸ ಚೈನನ್ನು ಡಿರೇಲರ್ ಒಳಗೆ ತೂರಿಸದೆ, ಮುಂದಿನ ಅತಿ ದೊಡ್ಡ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಗಳ ಸುತ್ತ ಹಾಕಿ. ತುದಿ ಕೂಡುವ ಜಾಗಕ್ಕಿಂತ ಒಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಗಿಡ್ಡವಾದರೆ ದೊಡ್ಡ–ದೊಡ್ಡ ಗೇರಿನಲ್ಲಿ ಡಿರೇಲರ್ ಕಿತ್ತು ಬರಬಹುದು. ಉದ್ದವಾದರೆ ಸಣ್ಣ–ಸಣ್ಣ ಗೇರಿನಲ್ಲಿ ಚೈನ್ ಜೋತುಬೀಳುತ್ತದೆ.

8. ಡಿರೇಲರಿನ ಮಿತಿ ತಿಳಿಯಿರಿ
ಉದ್ದ ಸರಿಯಿದ್ದೂ ಸಣ್ಣ–ಸಣ್ಣ ಗೇರಿನಲ್ಲಿ ಚೈನ್ ಜೋತುಬಿದ್ದರೆ ಈ ಲೆಕ್ಕ ಮಾಡಿ. ಮುಂದೆ 42 ಮತ್ತು 24, ಹಿಂದೆ 28 ಮತ್ತು 14 ಇದ್ದರೆ ವ್ಯತ್ಯಾಸ 18 ಮತ್ತು 14, ಒಟ್ಟು 32. ಏರಿಗೆ ಸುಲಭವಾಗಲೆಂದು ಹಿಂದೆ 28ರ ಬದಲು 34 ಹಲ್ಲಿನದು ಹಾಕಿದರೆ ಅದು 38 ಆಗುತ್ತದೆ. ಡಿರೇಲರಿಗೆ ತಯಾರಕರು ಹೇಳಿದ ಸಾಮರ್ಥ್ಯ ಅದಕ್ಕಿಂತ ಕಡಿಮೆಯಿದ್ದರೆ ಉದ್ದ ಕೇಜಿನ ಡಿರೇಲರ್ ಬೇಕು. ಬಿ-ಸ್ಕ್ರೂ ತಿರುಗಿಸಿ ಇದನ್ನು ಸರಿಮಾಡಲಾಗದು. ಅದರ ಕೆಲಸ ಡಿರೇಲರಿನ ಮೇಲಿನ ಪುಟ್ಟ ಗಾಲಿಗೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ನಡುವಿನ ಅಂತರ ಕಾಯುವುದು.

9. ಪೆಡಲ್ ನಿಲ್ಲಿಸಿ ನೋಡಿ
ತುಳಿಯುವಾಗ ಬಿಗಿಯಾಗಿದ್ದ ಚೈನ್, ತುಳಿಯುವುದನ್ನು ನಿಲ್ಲಿಸಿದೊಡನೆ ಮೇಲ್ಭಾಗದಲ್ಲಿ ಜೋತುಬಿದ್ದರೆ ತಪ್ಪು ಚೈನಿನದಲ್ಲ. ಫ್ರೀವೀಲ್ ಅಥವಾ ಫ್ರೀಹಬ್ ಸರಾಗವಾಗಿ ಬಿಡದೆ ಚೈನನ್ನು ಮುಂದಕ್ಕೆ ತಳ್ಳುತ್ತಿದೆ. ಕೊಳೆ, ಗಟ್ಟಿಯಾದ ಗ್ರೀಸ್, ಎಲ್ಲೋ ಉಜ್ಜುತ್ತಿರುವ ವಾಷರ್, ಇವನ್ನು ಹುಡುಕಿ.

ಎಲ್ಲ ಮುಗಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿದು, ಖಾಲಿ ರಸ್ತೆಯಲ್ಲಿ ಮೊದಲು ಮೆಲ್ಲಗೆ, ಆಮೇಲೆ ಬಲ ಹಾಕಿ ತುಳಿದು ನೋಡಿ. ಆಗಲೂ ಕಾಟ ನಿಲ್ಲದಿದ್ದರೆ ಸೈಕಲ್ ಅಂಗಡಿಗೆ ಹೋಗಿ. ಆದರೆ ಬರೀ 'ಚೈನ್ ಲೂಸು' ಎನ್ನಬೇಡಿ. ಏರಿನಲ್ಲೋ ಇಳಿಜಾರಿನಲ್ಲೋ, ಯಾವ ಗೇರಿನಲ್ಲಿ, ತುಳಿಯುವಾಗಲೋ ನಿಲ್ಲಿಸಿದಾಗಲೋ, ಯಾವ ಪಾರ್ಟ್ ಬದಲಿಸಿದ ಮೇಲೆ ಎಂಬುದನ್ನು ಹೇಳಿ. ಅಷ್ಟು ತಿಳಿದರೆ ಮೆಕ್ಯಾನಿಕ್‌ಗೆ ಬದಲಿಸಬೇಕಾದ್ದು ಯಾವುದೆಂದು ಗೊತ್ತಾಗುತ್ತದೆ, ಬದಲಿಸಬೇಕಿಲ್ಲದ್ದಕ್ಕೆ ನೀವು ದುಡ್ಡು ಕೊಡುವುದೂ ತಪ್ಪುತ್ತದೆ.